ಜರ್ಮನ್‌ನಲ್ಲಿ ಹಾಡಿದರೆ ನಗುತ್ತಾರಾ? ನಗಲ್ಲ, ಆದರೆ ಟ್ಯೂನ್ ಬದಲಿಸಬೇಕಾಗುತ್ತೆ

ಪ್ರಶ್ನೆ: ನಮಸ್ಕಾರ ಸರ್. ನಾನು ಹಾಸನದ ಕಡೆಯವಳು, ಈಗ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಸಂಜೆ ಹೊತ್ತು, ಶನಿವಾರ ಭಾನುವಾರ ಮನೆಯಲ್ಲೇ ಸಿಂಥ್ (ಎಲೆಕ್ಟ್ರಾನಿಕ್ ಕೀಬೋರ್ಡ್), ಲ್ಯಾಪ್‌ಟಾಪ್ ಇಟ್ಟುಕೊಂಡು ಎಲೆಕ್ಟ್ರಾನಿಕ್ ಪಾಪ್ ಮಾಡುತ್ತೇನೆ. ಬರೆಯೋದು, ಹಾಡೋದು, ಮಿಕ್ಸ್ ಮಾಡೋದು ಎಲ್ಲ ನಾನೇ. ಲೇಬಲ್, ಅಂದರೆ ಹಾಡು ಹೊರತರುವ ಕಂಪನಿ, ಇಲ್ಲ. ಎರಡು ಇಪಿ (ಚಿಕ್ಕ ಆಲ್ಬಮ್) ಬಂದಿವೆ, ಎರಡೂ ಇಂಗ್ಲಿಷ್. ಕೇಳುವವರು ಇದ್ದಾರೆ, ಆದರೆ ಬೆಳೀತಾ ಇಲ್ಲ. ಹೋದ ತಿಂಗಳು ಯಾರು ಬೇಕಾದರೂ ಹಾಡಬಹುದಾದ ಒಂದು ಓಪನ್ ಮೈಕ್‌ನಲ್ಲಿ ಧೈರ್ಯ ಮಾಡಿ ನನ್ನದೇ ಒಂದು ಹಾಡನ್ನು ಜರ್ಮನ್‌ಗೆ ತಿರುಗಿಸಿ ಹಾಡಿದೆ. ಮಾತಾಡುತ್ತಾ ಕೂತಿದ್ದವರು ಮಾತು ನಿಲ್ಲಿಸಿ ತಿರುಗಿ ನೋಡಿದರು. ಆಮೇಲಿಂದ ತಲೆಯಲ್ಲಿ ಅದೇ ಸುತ್ತುತ್ತಿದೆ. ಪೂರ್ತಿ ಜರ್ಮನ್‌ಗೆ ಹೋಗಿಬಿಡಲಾ? ನನ್ನ ಜರ್ಮನ್ ಬಿ2, ಅಂದರೆ ಮಧ್ಯಮಕ್ಕಿಂತ ಸ್ವಲ್ಪ ಮೇಲಿನ ಮಟ್ಟ. ಉಚ್ಚಾರ ಕೇಳಿ ನಗುತ್ತಾರೆ ಅನ್ನೋ ಭಯ. ಸಿಂಥ್ ಜೊತೆ ಜರ್ಮನ್ ಅಂದರೆ ಶ್ಲಾಗರ್ ಅನ್ನುವ ಮದುವೆ ಮನೆ ಹಾಡು ಆಗಿಬಿಡುತ್ತೆ ಅಂತ ಒಬ್ಬ ಗೆಳೆಯ ಹೆದರಿಸಿದ. ಇರೋ ಇಂಗ್ಲಿಷ್ ಕೇಳುಗರೂ ಹೋಗಿಬಿಟ್ಟರೆ? ಹಳೇ ಹಾಡುಗಳನ್ನು ಅನುವಾದ ಮಾಡಲಾ, ಹೊಸದಾಗಿ ಬರೆಯಲಾ? ಊರಲ್ಲಿ ಅಮ್ಮ ಬೇರೆ, ಅಷ್ಟು ಕಷ್ಟಪಡೋದಾದರೆ ಕನ್ನಡದಲ್ಲೇ ಹಾಡಬಾರದಾ ಅಂತ ಕೇಳುತ್ತಾರೆ. ಓಪನ್ ಮೈಕ್‌ನ ರೆಕಾರ್ಡಿಂಗ್ ಜೊತೆಗೆ ಕಳಿಸಿದ್ದೇನೆ.

ಉತ್ತರ: ರೆಕಾರ್ಡಿಂಗ್ ಕೇಳಿದೆ. ಒಂದಲ್ಲ, ನಾಲ್ಕೈದು ಸಲ ಕೇಳಿದೆ. ನೀವು ಉಚ್ಚಾರದ ಬಗ್ಗೆ ಚಿಂತೆ ಮಾಡುತ್ತಿದ್ದೀರಿ. ನನಗೆ ಅದು ಅಷ್ಟೇನೂ ದೊಡ್ಡ ವಿಷಯ ಅನ್ನಿಸಲಿಲ್ಲ. ತೊಂದರೆ ಇರೋದು ಟ್ಯೂನ್‌ನಲ್ಲಿ. ಅದು ಇಂಗ್ಲಿಷ್‌ಗೆ ಹೊಲಿದ ಟ್ಯೂನ್, ಅದರೊಳಗೆ ಜರ್ಮನ್ ತುರುಕಿದ್ದೀರಿ.

ನಾನು ಬರ್ಲಿನ್‌ನಲ್ಲಿ ಹಾಡುಗಾರರ ಧ್ವನಿ ರೆಕಾರ್ಡ್ ಮಾಡಿ ಮಿಕ್ಸ್ ಮಾಡುವ ಕೆಲಸದಲ್ಲಿರೋನು. ಬರುವವರಲ್ಲಿ ಹುಟ್ಟಾ ಜರ್ಮನ್ ಅಲ್ಲದವರೇ ಜಾಸ್ತಿ. ಇಂಗ್ಲಿಷ್‌ನಲ್ಲಿ ಶುರು ಮಾಡಿ ಜರ್ಮನ್‌ಗೆ ಬಂದವರಲ್ಲಿ ಎಡವಿದವರನ್ನೂ ನೋಡಿದ್ದೇನೆ, ಗೆದ್ದವರನ್ನೂ ನೋಡಿದ್ದೇನೆ. ಎಡವಿದವರು ಉಚ್ಚಾರದಿಂದ ಎಡವಿದ್ದು ಕಡಿಮೆ.

ಮೊದಲು ಆ ರಾತ್ರಿ ಜನ ಯಾಕೆ ತಿರುಗಿ ನೋಡಿದರು ಅನ್ನೋದನ್ನ ಸರಿಯಾಗಿ ತಿಳಿದುಕೊಳ್ಳಿ. ಲೈಪ್‌ಜಿಗ್‌ನ ಬಾರ್‌ನಲ್ಲಿ ಇಂಗ್ಲಿಷ್ ಹಾಡು ಅಂದರೆ ಹಿನ್ನೆಲೆ ಸದ್ದು. ಎಲ್ಲರಿಗೂ ಇಂಗ್ಲಿಷ್ ಬರುತ್ತೆ, ಆದರೆ ಹಾಡಿನ ಮಾತನ್ನು ಯಾರೂ ಗಮನ ಕೊಟ್ಟು ಕೇಳಲ್ಲ. ಜರ್ಮನ್ ಕಿವಿಗೆ ಬಿದ್ದ ತಕ್ಷಣ ಬೇಡ ಅಂದರೂ ಅರ್ಥ ಆಗಿಬಿಡುತ್ತೆ. ಬೆಂಗಳೂರಿನ ಪಬ್‌ನಲ್ಲಿ ಸಾಲಾಗಿ ಇಂಗ್ಲಿಷ್ ಹಾಡು ಬರುತ್ತಿದ್ದಾಗ ನಡುವೆ ಯಾರೋ ಕನ್ನಡದಲ್ಲಿ ಒಂದು ಸಾಲು ಹಾಡಿದರೆ ನಾವು ತಲೆ ಎತ್ತಲ್ವಾ, ಹಾಗೇ. ಅಂದರೆ ನಿಮಗೆ ಸಿಕ್ಕಿದ್ದು ಗಮನ, ಮೆಚ್ಚುಗೆ ಅಂತ ಇನ್ನೂ ಹೇಳೋಕಾಗಲ್ಲ. ಗಮನ ಕೊಡುವವರು ಅಳತೆ ಕೂಡ ಮಾಡುತ್ತಾರೆ. ಇಂಗ್ಲಿಷ್‌ನಲ್ಲಿ ಒಂದು ಸವಕಲು ಸಾಲು ಸುಮ್ನೆ ಜಾರಿಹೋಗುತ್ತಿತ್ತು, ಜರ್ಮನ್‌ನಲ್ಲಿ ಅದು ಬೆತ್ತಲೆ ನಿಲ್ಲುತ್ತೆ. ನೀವು ದಾಟುತ್ತಿರುವ ಗೆರೆ ಇದು.

ಈಗ ಉಚ್ಚಾರ. ವಿದೇಶಿ ಉಚ್ಚಾರದಲ್ಲಿ ಜರ್ಮನ್ ಹಾಡೋದು ಈ ದೇಶಕ್ಕೆ ಹೊಸದೇನಲ್ಲ. ಗ್ರೀಸ್‌ನ ನಾನಾ ಮುಸ್ಕೂರಿ 1961ರಲ್ಲಿ ಜರ್ಮನ್‌ನಲ್ಲಿ ಹಾಡಿ ಇಲ್ಲಿ ದೊಡ್ಡ ಹೆಸರು ಮಾಡಿದರು. ದಕ್ಷಿಣ ಆಫ್ರಿಕಾದ ಹೊವರ್ಡ್ ಕಾರ್ಪೆಂಡೇಲ್ ದಶಕಗಟ್ಟಲೆ ತಮ್ಮ ಉಚ್ಚಾರ ಇಟ್ಟುಕೊಂಡೇ ಹಾಡಿದ್ದಾರೆ. ಅಷ್ಟೇ ಯಾಕೆ, ನೀವಿರುವ ಸ್ಯಾಕ್ಸನಿ ರಾಜ್ಯದ ಜರ್ಮನ್ ಕೇಳಿದರೆ ಉಳಿದ ಜರ್ಮನ್ನರೇ ಆಡಿಕೊಳ್ಳುತ್ತಾರೆ. ಹಾಗಾಗಿ ನಗುವ ಭಯ ಬಿಡಿ. ನಿಜವಾದ ಅಪಾಯ ಬೇರೆ. ಜನ ನಗುವ ಬದಲು "ಎಷ್ಟು ಮುದ್ದಾಗಿ ಹಾಡುತ್ತಾಳೆ" ಅಂತಾರೆ. ಮುಸ್ಕೂರಿಯವರ ಕಾಲದಲ್ಲೂ ವಿದೇಶಿ ಉಚ್ಚಾರವನ್ನು ರಜೆಯ ಊರಿನ ಹಾಗೆ ಮಾರಿದರು. ನಿಮ್ಮ ಹಾಡು ಮುದ್ದಾಗಿರಬೇಕು ಅಂತ ನಿಮಗೆ ಆಸೆ ಇದ್ದರೆ ಸರಿ. ನೀವು ಕಳಿಸಿದ ಹಾಡು ಕೇಳಿದರೆ ಹಾಗೆ ಅನ್ನಿಸಲ್ಲ, ಅದು ಸಿಟ್ಟಿನ ಹಾಡು.

ಉಚ್ಚಾರದಲ್ಲಿ ನಮಗೆ, ಅಂದರೆ ಕನ್ನಡದವರಿಗೆ, ಒಂದು ದೊಡ್ಡ ಅನುಕೂಲ ಇದೆ. ಹ್ರಸ್ವ, ದೀರ್ಘ ನಮಗೆ ಹುಟ್ಟಿನಿಂದ ಬಂದಿದೆ. ಜರ್ಮನ್‌ನಲ್ಲೂ ಅದರ ಮೇಲೇ ಅರ್ಥ ನಿಲ್ಲುತ್ತೆ. 'ಬೆಟ್' ಅಂದರೆ ಹಾಸಿಗೆ, 'ಬೇಟ್' ಅಂದರೆ ಗಿಡ ಹಾಕುವ ಪಾತಿ. 'ಶ್ಟಟ್' ಊರು, 'ಶ್ಟಾಟ್' ದೇಶ ಅಥವಾ ಪ್ರಭುತ್ವ. ಇಂಗ್ಲಿಷ್‌ನವರು ಇಲ್ಲಿ ಒದ್ದಾಡುತ್ತಾರೆ, ನಿಮ್ಮ ಹಾಡಿನಲ್ಲಿ ಒಂದು ಕಡೆಯೂ ಇದು ತಪ್ಪಿಲ್ಲ. ತಪ್ಪಿರೋದು ಮೂರು ಕಡೆ. ಒಂದು, ನಮ್ಮ ಟ, ಡ. ನಾಲಿಗೆಯನ್ನು ಹಿಂದಕ್ಕೆ ಮಡಚಿ ಹೇಳುತ್ತೀರಿ, ಜರ್ಮನ್‌ನಲ್ಲಿ ಅದು ಮೇಲಿನ ಹಲ್ಲಿನ ಹಿಂದೆಯೇ ಆಗಬೇಕು. ಎರಡು, ಕನ್ನಡದ ಮಾತು ಸ್ವರದಲ್ಲಿ ಮುಗಿಯೋದೇ ಹೆಚ್ಚಲ್ವಾ, ಹಾಗಾಗಿ ವ್ಯಂಜನದಲ್ಲಿ ಮುಗಿಯುವ ಪದಕ್ಕೆ ಗೊತ್ತಿಲ್ಲದೇ ಒಂದು ಸಣ್ಣ 'ಉ' ಅಂಟುತ್ತೆ. ಮೂರು, ನಾನು ಅನ್ನೋದಕ್ಕೆ ಜರ್ಮನ್‌ನಲ್ಲಿ ಬರುವ ಆ 'ಇಹ್'. ನೀವು 'ಇಷ್' ಅನ್ನುತ್ತಿದ್ದೀರಿ. 'ಹೀ' ಅಂತ ಪಿಸುದನಿಯಲ್ಲಿ ಹೇಳಿ, ಶುರುವಿನಲ್ಲಿ ಬರುವ ಗಾಳಿಯನ್ನು ಮಾತ್ರ ಇಟ್ಟುಕೊಳ್ಳಿ. ಅದೇ ಆ ಸದ್ದು. ಇನ್ನು ಆ ಎರಡು ಚುಕ್ಕಿಯ 'ಯು'ಗೆ ನಾಲಿಗೆ 'ಈ' ಜಾಗದಲ್ಲಿ, ತುಟಿ 'ಊ' ಆಕಾರದಲ್ಲಿ. ದಿನಾ ಸ್ವಲ್ಪ ಸ್ವಲ್ಪ ಹೇಳುತ್ತಾ ಹೋದರೆ ಬಾಯಿಗೆ ಕೂರುತ್ತೆ, ಇದಕ್ಕೆ ಕೋಚ್ ಬೇಕಾಗಿಲ್ಲ.

ಆದರೆ ಇವೆಲ್ಲ ನೂರಕ್ಕೆ ನೂರು ಸರಿಯಾದರೂ ನಿಮ್ಮ ಹಾಡು ಹೊರಗಿನವರು ಹಾಡಿದ ಹಾಗೇ ಕೇಳಿಸುತ್ತೆ. ಯಾಕೆ?

ಹೈಸ್ಕೂಲಿನಲ್ಲಿ ಲಘು, ಗುರು ಹಾಕಿ ಮಾತ್ರೆ ಎಣಿಸಿದ್ದು ನೆನಪಿದೆಯಾ? ನಮ್ಮ ಛಂದಸ್ಸು ನಿಂತಿರೋದು ಕಾಲದ ಅಳತೆಯ ಮೇಲೆ. ಒಂದು ಅಕ್ಷರ ಎಷ್ಟು ಹೊತ್ತು ಹಿಡಿಯುತ್ತೆ ಅನ್ನೋದು ಲೆಕ್ಕ. ಜರ್ಮನ್ ಹಾಗಲ್ಲ, ಅಲ್ಲಿ ಒತ್ತು ಎಲ್ಲಿ ಬೀಳುತ್ತೆ ಅನ್ನೋದು ಲೆಕ್ಕ. ಮರೆಯುವುದು ಅನ್ನೋದಕ್ಕೆ ಅವರು 'ಫೆರ್‌ಗೆಸ್ಸೆನ್' ಅಂತಾರೆ. ಒತ್ತು ನಡುವಿನ 'ಗೆ' ಮೇಲೆ. ನಿಮ್ಮ ಕೋರಸ್‌ನಲ್ಲಿ (ಮತ್ತೆ ಮತ್ತೆ ಬರುವ ಭಾಗ) ಕಿಕ್ ಡ್ರಮ್‌ನ ದಪ್ಪ ಗುದ್ದು ಬೀಳೋದು ಸರಿಯಾಗಿ 'ಫೆರ್' ಮೇಲೆ. ಜರ್ಮನ್ ಕಿವಿಗೆ ಅಲ್ಲಿ ಪದವೇ ಮುರಿದ ಹಾಗೆ ಆಗುತ್ತೆ. ಉಚ್ಚಾರ ಕೆಟ್ಟಿದ್ದರೆ ಅವರು ಮನಸ್ಸಲ್ಲೇ ಸರಿಮಾಡಿಕೊಂಡು ಕೇಳುತ್ತಾರೆ. ಒತ್ತು ತಪ್ಪು ತಾಳಕ್ಕೆ ಬಿದ್ದರೆ ಹಾಗೆ ಸರಿಮಾಡಿಕೊಳ್ಳೋಕೆ ಆಗಲ್ಲ, ಯಾಕೆಂದರೆ ಬೀಟ್ ಮತ್ತೆ ಮತ್ತೆ ಅದನ್ನೇ ಕುಟ್ಟಿ ತೋರಿಸುತ್ತಿರುತ್ತೆ. ಎಲೆಕ್ಟ್ರಾನಿಕ್ ಪಾಪ್‌ನಲ್ಲಿ ಇದು ಇನ್ನೂ ಕ್ರೂರ. ಗಿಟಾರ್ ಹಿಡಿದು ಹಾಡುವವರು ಸ್ವಲ್ಪ ಹಿಂದೆ ಮುಂದೆ ಜಾರಿಸಿ ಸರಿದೂಗಿಸಬಹುದು. ತಾಳ ಓಡಿಸುವ ಯಂತ್ರ, ಸೀಕ್ವೆನ್ಸರ್, ಯಾರಿಗೂ ಕಾಯಲ್ಲ.

ಇನ್ನೊಂದು ಉದಾಹರಣೆ. ಇಂಗ್ಲಿಷ್‌ನಲ್ಲಿ 'ಡೋಂಟ್ ಲೆಟ್ ಮಿ ಗೋ' ಅಂತ ಒಂದು ಸಾಲು ಅಂದುಕೊಳ್ಳಿ. ನಾಲ್ಕು ಬಡಿತ, ಕೊನೆಯ 'ಗೋ' ತೆರೆದ ಸ್ವರ, ಉಸಿರು ಇರೋವರೆಗೂ ಎಳೆಯಬಹುದು. ಅದನ್ನೇ ಜರ್ಮನ್‌ನಲ್ಲಿ 'ಲಸ್ ಮಿಹ್ ನಿಹ್ಟ್ ಲೋಸ್' ಅಂದರೆ ಲೆಕ್ಕ ಸರಿಯಾಗೇ ಇದೆ, ನಾಲ್ಕಕ್ಕೆ ನಾಲ್ಕು. ಆದರೆ ನಡುವೆ ಎರಡು ಸಲ ಆ ಗಾಳಿಯ ಸದ್ದು, ಅದರ ಬೆನ್ನಿಗೆ ಒಂದು 'ಟ್', ಕೊನೆಗೆ ಒಂದು 'ಸ್'. 'ಲೋ' ಅಂತ ಎಳೆದು ಕೊನೆಯಲ್ಲಿ 'ಸ್' ಮುಚ್ಚಬೇಕು. ಪ್ರತಿಧ್ವನಿ ಕೊಡುವ ನಿಮ್ಮ ಡಿಲೇ ಎಫೆಕ್ಟ್ ಆ 'ಸ್' ಹಿಡಿದು ಎಂಟು ಸಲ ಉಗುಳುತ್ತೆ. ವೇಗದ ಸಾಲಾಗಿದ್ದರೆ ನಡುವಿನ ಎರಡು ಪದ ಬರೀ ಗಾಳಿಯಾಗಿ ಮಾಯ. ಅರ್ಥ ಅದೇ, ಅಕ್ಷರ ಅಷ್ಟೇ, ಹಾಡು ಬೇರೆ.

ಇದು ನಿಮ್ಮೊಬ್ಬರ ಕಷ್ಟ ಅಂದುಕೊಳ್ಳಬೇಡಿ. ಜರ್ಮನ್ ಗಾಯಕಿ ನೇನಾ ಅವರ 1983ರ ಬಲೂನ್ ಹಾಡು ಇಂಗ್ಲಿಷ್‌ಗೆ ಬರುವಾಗ ಬಲೂನ್‌ಗೆ ಕೆಂಪು ಬಣ್ಣ ಬಂತು. ಮೂಲದ ಶೀರ್ಷಿಕೆಯಲ್ಲಿ ಬಣ್ಣವೇ ಇಲ್ಲ. 'ಲುಫ್ಟ್‌ಬಲೋನ್ಸ್' ಅಂದರೆ ಮೂರು ಬಡಿತ, ಇಂಗ್ಲಿಷ್‌ನ ಬಲೂನ್ಸ್ ಎರಡೇ, ಖಾಲಿ ಜಾಗ ತುಂಬೋಕೆ 'ರೆಡ್' ಸೇರಿತು. ಮಜಾ ಏನು ಅಂದರೆ, 1984ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಹೋಗಿದ್ದು ಜರ್ಮನ್ ಹಾಡೇ. ಬ್ರಿಟನ್‌ನಲ್ಲಿ ಮೊದಲ ಸ್ಥಾನಕ್ಕೆ ಹೋಗಿದ್ದು ಇಂಗ್ಲಿಷ್ ಹಾಡು. ಜರ್ಮನ್‌ನಲ್ಲಿ ಹಾಡಿದರೆ ಜರ್ಮನಿ ದಾಟಲ್ಲ ಅನ್ನುವವರಿಗೆ ಇದನ್ನು ಹೇಳಿ. ಎಲೆಕ್ಟ್ರಾನಿಕ್ ಬ್ಯಾಂಡ್ ಕ್ರಾಫ್ಟ್‌ವೆರ್ಕ್ 1974ರಲ್ಲಿ ಹೆದ್ದಾರಿಯ ಮೇಲೆ ಮಾಡಿದ ಹಾಡು ಅಟ್ಲಾಂಟಿಕ್ ದಾಟಿತು, ರಾಕ್ ಬ್ಯಾಂಡ್ ರಾಮ್‌ಸ್ಟೈನ್‌ನವರು ಜರ್ಮನ್ ಬಿಡದೇ ಪ್ರಪಂಚ ಸುತ್ತುತ್ತಾರೆ. ಹಾಗಂತ ಇವರನ್ನು ನೋಡಿ ಲೆಕ್ಕ ಹಾಕಬೇಡಿ. ದಾಟದೇ ಉಳಿದವರ ಪಟ್ಟಿ ಬಹಳ ಉದ್ದ ಇದೆ.

ಜರ್ಮನ್ ಒರಟು ಭಾಷೆ, ಹಾಡಿಗೆ ಆಗಲ್ಲ ಅಂತ ಯಾರಾದರೂ ಹೇಳಿದರೆ ಸಂಗೀತ ಸಂಯೋಜಕ ಶೂಬರ್ಟ್ ಸುಮಾರು ಆರುನೂರು ಹಾಡು ಮಾಡಿದ್ದು ಯಾವ ಭಾಷೆಯಲ್ಲಿ ಅಂತ ಕೇಳಿ ಮುಂದೆ ಹೋಗಿ.

ಶ್ಲಾಗರ್ ವಿಷಯಕ್ಕೆ ಬರೋಣ, ಇದು ಸ್ವಲ್ಪ ನಿಜವಾದ ಭಯ. ಗೊತ್ತಿಲ್ಲದವರಿಗೆ ಹೇಳೋದಾದರೆ, ಶ್ಲಾಗರ್ ಅಂದರೆ ಇಲ್ಲಿನ ಸಿಹಿ ಸಿಹಿ ಜನಪ್ರಿಯ ಹಾಡು, ಮದುವೆ ಮನೆಯಲ್ಲೂ ಬಿಯರ್ ಟೆಂಟ್‌ನಲ್ಲೂ ಎಲ್ಲರೂ ಒಟ್ಟಿಗೆ ಕೂಗಿ ಹಾಡೋದು. ಹೆಲೆನ್ ಫಿಶರ್ ಅವರ 2013ರ ದೊಡ್ಡ ಹಿಟ್ ಆದಮೇಲಂತೂ ಶ್ಲಾಗರ್ ಪೂರ್ತಿ ಸಿಂಥ್, ನಾಲ್ಕು ಬಡಿತಕ್ಕೂ ಬೀಳುವ ಕಿಕ್ ಮೇಲೇ ಓಡುತ್ತಿದೆ. ಅಂದರೆ ನಿಮ್ಮ ಸಾಮಾನು, ಅವರ ಸಾಮಾನು ಒಂದೇ. ಇಂಗ್ಲಿಷ್‌ನಲ್ಲಿ ಹಾಡುವಾಗ ಆ ಹೋಲಿಕೆ ಯಾರಿಗೂ ಹೊಳೆಯಲ್ಲ. ಜರ್ಮನ್ ಬಂದ ತಕ್ಷಣ ಹೊಳೆಯುತ್ತೆ. ಆದರೆ ಶ್ಲಾಗರ್ ಅನ್ನಿಸೋಕೆ ಸಿಂಥ್ ಸಾಕಾಗಲ್ಲ. ಮೇಜರ್ ಸ್ಕೇಲ್, ಬಾಯಿ ತುಂಬಾ ನಗುತ್ತಾ ಹಾಡುವ ಧ್ವನಿ, ಕೊನೆಯ ಕೋರಸ್‌ಗೆ ಶ್ರುತಿ ಒಂದು ಮೆಟ್ಟಿಲು ಏರಿಸೋದು, ಇವೆಲ್ಲ ಸೇರಬೇಕು. ಅದಕ್ಕಿಂತ ಮುಖ್ಯ ಮಾತುಗಳು. ಹೃದಯ, ರಾತ್ರಿ, ನಕ್ಷತ್ರ, ಬೆಂಕಿ, ಆಕಾಶ. ಹೃದಯಕ್ಕೆ 'ಹೆರ್ಟ್ಸ್', ನೋವಿಗೆ 'ಶ್ಮೆರ್ಟ್ಸ್', ಪ್ರಾಸ ತಾನಾಗೇ ಕೂರುತ್ತೆ, ಕೂತಿದ್ದಕ್ಕೇ ಎಲ್ಲರೂ ನೂರು ವರ್ಷದಿಂದ ಬಳಸಿ ಸವೆಸಿದ್ದಾರೆ. ನೀವು ಓಪನ್ ಮೈಕ್‌ನಲ್ಲಿ ಹಾಡಿದ್ದರಲ್ಲಿ ಈ ಐದರಲ್ಲಿ ಮೂರು ಇವೆ. ಅನುವಾದ ಮಾಡಿದ್ದಕ್ಕೇ ಬಂದಿದ್ದು ಅಂತ ನನ್ನ ಅನುಮಾನ. ಇಂಗ್ಲಿಷ್ ಪಾಪ್‌ನ ಅರ್ಧ ಮಾತು ಹೀಗೇ ಇರುತ್ತೆ, ಅಲ್ಲಿ ಅದು ಯಾರ ಕಣ್ಣಿಗೂ ಬೀಳಲ್ಲ.

ನಿಮ್ಮ ಬಿ2 ಜರ್ಮನ್ ಇಲ್ಲಿ ಕೆಲಸಕ್ಕೆ ಬರುತ್ತೆ, ತಮಾಷೆ ಮಾಡುತ್ತಿಲ್ಲ. 1980ರ ಆಸುಪಾಸಿನಲ್ಲಿ ಇಲ್ಲಿ ನೋಯೆ ಡೋಯ್ಚೆ ವೆಲ್ಲೆ ಅಂತ ಒಂದು ಅಲೆ ಬಂತು, ಜರ್ಮನ್‌ನ ಹೊಸ ಅಲೆ. ಐಡಿಯಲ್, ಡಿಎಎಫ್, ಟ್ರಿಯೋ, ಇಂಥ ಬ್ಯಾಂಡ್‌ಗಳು. ಅವರ ಮಾತು ಕೇಳಿದರೆ ಭಾಷೆ ಕಲಿಯಲು ಶುರು ಮಾಡಿದವರ ಎ2 ಪರೀಕ್ಷೆಯ ಪುಸ್ತಕದ ಹಾಗಿರುತ್ತೆ. ಚಿಕ್ಕ ವಾಕ್ಯ, ಒಣ ಧ್ವನಿ, ಒಂದೇ ಮಾತು ಮತ್ತೆ ಮತ್ತೆ. ಟ್ರಿಯೋ 1982ರಲ್ಲಿ ಅಂಗೈಯಗಲದ ಒಂದು ಕ್ಯಾಸಿಯೋ ಕೀಬೋರ್ಡಿನ ತಾಳ ಇಟ್ಟುಕೊಂಡು, ಮಗು ತೊದಲಿದಂಥ ಮೂರು ಸದ್ದಿನ ಕೋರಸ್ ಮಾಡಿ ಊರೂರಿಗೆ ಹಬ್ಬಿಸಿದರು. ಕಡಿಮೆ ಮಾತು, ಯಂತ್ರದ ತಾಳ, ಈ ಜೋಡಿ ಜರ್ಮನ್ ಪಾಪ್‌ನ ರಕ್ತದಲ್ಲೇ ಇದೆ. ಈಗಿನ ಹುಡುಗರು ಅದನ್ನೇ ಮತ್ತೆ ಎತ್ತಿಕೊಂಡಿದ್ದಾರೆ. ಸ್ಟುಟ್‌ಗಾರ್ಟ್‌ನ ಎಡ್ವಿನ್ ರೋಜೆನ್ ಕೇಳಿ ನೋಡಿ, 2020ರ ಹೊತ್ತಿಗೆ ಸಿಂಥ್ ಇಟ್ಟುಕೊಂಡು ಮಂಕು ಧ್ವನಿಯಲ್ಲಿ ಜರ್ಮನ್ ಹಾಡಿ ತನ್ನದೇ ಜನ ಕಟ್ಟಿಕೊಂಡಾತ. ಅದನ್ನು ಹೊಸ ಹೊಸ ಅಲೆ ಅಂತಾನೇ ಕರೆಯುತ್ತಾರೆ.

ನಿಮ್ಮ ಹತ್ತಿರ ಇಲ್ಲಿ ಹುಟ್ಟಿದವರಲ್ಲಿ ಇಲ್ಲದ ಒಂದು ಜರ್ಮನ್ ಇದೆ. ನೀವು ಈ ಭಾಷೆ ಕಲಿತದ್ದು ಅಜ್ಜಿ ಕಥೆಯಿಂದ ಅಲ್ಲ, ಆಫೀಸಿನ ಪತ್ರಗಳಿಂದ. 'ಟೆರ್ಮೀನ್', 'ಫ್ರಿಸ್ಟ್', 'ಬೆಶೈಡ್'. ಅಪಾಯಿಂಟ್‌ಮೆಂಟ್, ಗಡುವು, ಸರ್ಕಾರದ ತೀರ್ಮಾನ. ಮನೆ ಹುಡುಕುವಾಗ ಬರೆದ ಇಮೇಲ್‌ಗಳು. ರೈಲು ರದ್ದಾಗಿ ಬದಲಿ ಬಸ್ ಕಾಯುವಾಗ ಮೈಕಿನಲ್ಲಿ ಕೇಳಿದ ವಾಕ್ಯ. ಅಂಗಡಿಗೆ ಖಾಲಿ ಬಾಟಲಿ ವಾಪಸ್ ಕೊಟ್ಟಾಗ ಬರುವ ಚೀಟಿ. ಆ ಒಣ ಭಾಷೆಯಲ್ಲಿ ಒಂದು ಪ್ರೀತಿಯ ಹಾಡು ಬರೆದು ನೋಡಿ. ಇದರಲ್ಲಿ ಶ್ಲಾಗರ್ ವಾಸನೆ ಹುಡುಕಿದರೂ ಸಿಗಲ್ಲ. ಸಿಟ್ಟು ಹೇಗೂ ಇದೆಯಲ್ಲ ನಿಮ್ಮಲ್ಲಿ.

ಹಾಗಾದರೆ ದಾರಿ ಏನು?

ಹಳೇ ಹಾಡಿನ ಅನುವಾದ ಬೇಡ ಅನ್ನೋದು ನನ್ನ ನೇರ ಅಭಿಪ್ರಾಯ. ಇಂಗ್ಲೆಂಡಿನ ಹಾಡುಗಾರ ಪೀಟರ್ ಗೇಬ್ರಿಯಲ್ 1980 ಮತ್ತು 1982ರಲ್ಲಿ ತಮ್ಮ ಆಲ್ಬಮ್‌ಗಳನ್ನೇ ಜರ್ಮನ್‌ನಲ್ಲಿ ಮತ್ತೆ ಹಾಡಿ ಬಿಡುಗಡೆ ಮಾಡಿದ್ದು ನಿಜ, ಡೇವಿಡ್ ಬೋವಿ 1977ರಲ್ಲಿ ಬರ್ಲಿನ್ ಗೋಡೆಯ ಹಾಡನ್ನು ಜರ್ಮನ್‌ನಲ್ಲೂ ಹಾಡಿದ್ದರು. ಆದರೆ ಗೇಬ್ರಿಯಲ್ ಅವರಿಗೆ ಜೊತೆಯಲ್ಲಿ ಜರ್ಮನ್ ಬರಹಗಾರ ಇದ್ದರು, ಹಾಡು ಹೇಗೂ ಗೊತ್ತಿರುವ ಅಭಿಮಾನಿಗಳೂ ಇದ್ದರು. ಅನುವಾದದ ಸಾಫ್ಟ್‌ವೇರ್‌ಗೆ ಹಾಕಿದರೆ ವ್ಯಾಕರಣ ಸರಿಯಾಗಿ ಬರುತ್ತೆ, ಒತ್ತು ಎಲ್ಲಿ ಬೀಳಬೇಕು ಅಂತ ಅದಕ್ಕೆ ನಿಮ್ಮ ಬೀಟ್ ಗೊತ್ತಿಲ್ಲ. ಇನ್ನೊಂದು, ಹಳೇ ಹಾಡನ್ನು ಬೇರೆಯವರ ಜೊತೆ ಸೇರಿ ಬರೆದಿದ್ದರೆ ಅನುವಾದ ಹೊರತರೋಕೆ ಅವರ ಒಪ್ಪಿಗೆ ಬೇಕು. ಗೆಳೆಯರೇ ಆದರೂ ಬರೆದು ತಗೊಳ್ಳಿ.

ಹೊಸದಾಗಿ ಬರೆಯಿರಿ. ಆದರೆ ಈಗ ನೀವು ಮಾಡುವ ಕ್ರಮ ತಿರುಗಿಸಿ. ಈಗ ಬೀಟ್ ಮೊದಲು, ಆಮೇಲೆ ಟ್ಯೂನ್, ಕೊನೆಗೆ ಮಾತು ಅಲ್ವಾ? ಜರ್ಮನ್‌ಗೆ ಮಾತು ಮೊದಲು ಇರಲಿ. ಒಂದು ವಾಕ್ಯವನ್ನು ಫೋನಿಗೆ ಸುಮ್ನೆ ಹೇಳಿ, ಹಾಡಬೇಡಿ, ಯಾರಿಗೋ ಸಿಟ್ಟಿನಲ್ಲಿ ಹೇಳುವ ಹಾಗೆ ಹೇಳಿ. ಸಾಧ್ಯವಾದರೆ ಒಬ್ಬ ಜರ್ಮನ್ ಗೆಳತಿಯ ಬಾಯಲ್ಲೂ ಅದೇ ವಾಕ್ಯ ಹೇಳಿಸಿ. ಎರಡನ್ನೂ ಪ್ರಾಜೆಕ್ಟ್‌ಗೆ ಎಳೆದು ಹಾಕಿ, ಅಲೆಯ ಚಿತ್ರ ನೋಡಿ. ಎಲ್ಲಿ ಎತ್ತರ ಇದೆಯೋ ಅಲ್ಲಿ ಒತ್ತು. ಅಲ್ಲಿಗೆ ಕಿಕ್ ಇಡಿ, ಅಲ್ಲಿಂದ ಟೆಂಪೋ ಹುಡುಕಿ. ಟ್ಯೂನ್ ಆಮೇಲೆ ತಾನಾಗಿ ಹೊರಡುತ್ತೆ. ಜರ್ಮನ್‌ನಲ್ಲಿ ಸಾಲಿನ ಕೊನೆ ಬಹಳ ಸಲ ಇಳಿದು ಹೋಗುವ 'ಎನ್' ಅಕ್ಷರ. ಇಂಗ್ಲಿಷ್‌ನ ಹಾಗೆ ಕೊನೆ ಬಡಿತ ಗಟ್ಟಿಯಾಗಿ ನಿಲ್ಲಲ್ಲ. ಅದನ್ನು ಎಳೆಯೋಕೆ ಹೋಗಬೇಡಿ, ಬಿದ್ದುಹೋಗೋಕೆ ಬಿಡಿ. 'ಇಹ್ ಹಾಬೆ' (ನನ್ನ ಹತ್ತಿರ ಇದೆ) ಅಂತ ಪುಸ್ತಕದಲ್ಲಿ ಇರೋದನ್ನ ಬೀದಿಯಲ್ಲಿ 'ಇಹ್ ಹಾಬ್' ಅಂತಾರೆ. ಹಾಡಲ್ಲೂ ಹಾಗೇ ನುಂಗಿ. ಪೂರ್ತಿ ಹೇಳಿದರೆ ವಾರ್ತೆ ಓದಿದ ಹಾಗಿರುತ್ತೆ.

ಪ್ರಾಸದ ಬಲೆ ನಮಗೆ ಚೆನ್ನಾಗಿ ಗೊತ್ತಿರೋದೇ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರೋದರಿಂದ ಬಂದೆ, ನಿಂದೆ, ತಂದೆ ಅಂತ ಕಣ್ಣುಮುಚ್ಚಿ ಪ್ರಾಸ ಹೊಡೆಯಬಹುದು, ಅದಕ್ಕೇ ಅದು ಬೇಗ ಬೇಸರ. ಜರ್ಮನ್‌ನಲ್ಲೂ ಒಳವಾಕ್ಯದಲ್ಲಿ ಕ್ರಿಯಾಪದ ಕೊನೆಗೇ ಹೋಗುತ್ತೆ, ಬಹಳಷ್ಟು 'ಎನ್'ನಲ್ಲೇ ಮುಗಿಯುತ್ತವೆ. ಕೊನೆಗೆ ನಾಮಪದ ಬರುವ ಹಾಗೆ ಚಿಕ್ಕ ವಾಕ್ಯ ಮಾಡಿ. ಪ್ರಾಸ ಇಲ್ಲದಿದ್ದರೂ ಪ್ರಪಂಚ ಮುಳುಗಲ್ಲ.

ಜೊತೆಗೆ ಬರೆಯುವವರು ಸಿಕ್ಕರೆ ಒಳ್ಳೆಯದು, ಆದರೆ ಒಂದು ಎಚ್ಚರ. ಅವರಿಗೆ ಎರಡು ಕೆಲಸ ಬೇರೆ ಬೇರೆ ಮಾಡಿ ಕೊಡಿ. ನಾಮಪದದ ಲಿಂಗ ಹೇಳುವ ಡೆರ್, ಡೀ, ಡಸ್ ತಪ್ಪಿದ್ದರೆ ತಿದ್ದಲಿ. "ನಾವು ಹೀಗೆ ಹೇಳಲ್ಲ" ಅಂದರೆ ಮಾತ್ರ ತಕ್ಷಣ ಒಪ್ಪಬೇಡಿ, ತಪ್ಪಾ ಅಥವಾ ಹೊಸದಾ ಅಂತ ಕೇಳಿ. ನಿಮ್ಮ ಹಾಡಿನಲ್ಲಿ ಒಂದು ಸಾಲಿದೆ, ಕೀಲಿಕೈಯನ್ನು ಬಾಯಿಗೆ ಹಾಕಿಕೊಂಡ ಬಗ್ಗೆ. ಯಾವ ಜರ್ಮನ್‌ನವರೂ ಹಾಗೆ ಹೇಳಲ್ಲ. ಇಡೀ ಹಾಡಿನಲ್ಲಿ ನನ್ನ ಕಿವಿ ನಿಂತಿದ್ದು ಅಲ್ಲೇ. ಅದನ್ನು ಯಾರ ಕೈಗೂ ಕೊಟ್ಟು ನಯ ಮಾಡಿಸಬೇಡಿ.

ಇಂಗ್ಲಿಷ್, ಜರ್ಮನ್ ಕಲಸಿ ಹಾಡೋದು ಇನ್ನೊಂದು ದಾರಿ. ವಿಯೆನ್ನಾದ ಗಾಯಕ ಫಾಲ್ಕೋ ಹಾಗೆ ಹಾಡಿಯೇ 1986ರಲ್ಲಿ ಅಮೆರಿಕದ ಪಟ್ಟಿಯ ತುದಿ ಮುಟ್ಟಿದರು, ಈಗಿನ ಹುಡುಗ ಹುಡುಗಿಯರು ಮಾತಾಡೋದೂ ಹಾಗೇ. ಸರಿಯಾಗಿ ಕೂರದಿದ್ದರೆ ಮೊಬೈಲ್ ಕಂಪನಿ ಜಾಹೀರಾತಿನ ಹಾಗೆ ಕೇಳಿಸುತ್ತೆ. ನೀವು ನಿಜವಾಗಿ ಹಾಗೆ ಮಾತಾಡುತ್ತೀರಾದರೆ ಮಾಡಿ, ಎರಡೂ ಕಡೆ ಕೇಳುಗರನ್ನು ಹಿಡಿಯೋಕೆ ಅಂತ ಬೇಡ.

ಇಂಗ್ಲಿಷ್ ಕೇಳುಗರು ಹೋಗುತ್ತಾರಾ? ಕೆಲವರು ಹೋಗುತ್ತಾರೆ. ಡ್ರಾಂಗ್‌ಸಾಲ್ ಅನ್ನುವ ಹೆಸರಲ್ಲಿ ಹಾಡುವ ಒಬ್ಬರ 2016ರ ಮೊದಲ ಆಲ್ಬಮ್ ಬಹುಪಾಲು ಇಂಗ್ಲಿಷ್, 2018ರ ಎರಡನೆಯದು ಬಹುಪಾಲು ಜರ್ಮನ್. ಗಾಯಕಿ ನೀನಾ ಚೂಬಾ ಕೂಡ ಶುರು ಮಾಡಿದ್ದು ಇಂಗ್ಲಿಷ್‌ನಲ್ಲಿ, 2022ರಲ್ಲಿ ಇಲ್ಲಿನ ಪಟ್ಟಿಯ ಮೊದಲ ಸ್ಥಾನಕ್ಕೆ ಹೋಗಿದ್ದು ಜರ್ಮನ್ ಹಾಡಿನಿಂದ. ಇಬ್ಬರೂ ಹೆಸರು ಬದಲಿಸಲಿಲ್ಲ. ನೀವೂ ಬದಲಿಸಬೇಡಿ, ಸೌಂಡ್ ಅದೇ ಇದ್ದರೆ ಹೊಸ ಹೆಸರು ಅಂದರೆ ಸೊನ್ನೆಯಿಂದ ಶುರು. ಸ್ಪಾಟಿಫೈನಲ್ಲಿ ಕಲಾವಿದರಿಗೆ ಇರುವ ಪುಟದಲ್ಲಿ ನಿಮ್ಮ ಕೇಳುಗರ ಊರುಗಳ ಪಟ್ಟಿ ಇರುತ್ತೆ, ಅದನ್ನು ತೆಗೆದು ನೋಡಿ. ಬರ್ಲಿನ್, ಲೈಪ್‌ಜಿಗ್, ವಿಯೆನ್ನಾ ಮೇಲಿದ್ದರೆ ಯೋಚನೆಯೇ ಬೇಡ. ಬೆಂಗಳೂರು, ಲಂಡನ್ ಮೇಲಿದ್ದರೆ ಒಂದೇ ಸಲ ಇಡೀ ಇಪಿ ಹಾಕದೇ ಒಂದೊಂದೇ ಹಾಡು ಬಿಡಿ. ಹಾಡು ಹಾಕುವಾಗ ಭಾಷೆ ಜರ್ಮನ್ ಅಂತ ಸರಿಯಾಗಿ ತುಂಬಿ, ಬಿಡುಗಡೆಗೆ ಕನಿಷ್ಠ 7 ದಿನ ಮೊದಲು ಸ್ಪಾಟಿಫೈನ ಪ್ಲೇಲಿಸ್ಟ್ ಮಾಡುವವರಿಗೆ ಕಳಿಸಿ. ಅಲ್ಲಿ ಹಿಂದಿನ 12 ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ರೆಕಾರ್ಡಿಂಗ್ ದುಡ್ಡು ಬರಲ್ಲ ಅನ್ನೋದೂ ನೆನಪಿರಲಿ. ಜರ್ಮನ್ ಹಾಡಿದರೆ ರೇಡಿಯೋದವರು ಹಾಕಲೇಬೇಕು ಅನ್ನೋ ಮಾತು ಕೇಳಿರಬಹುದು, ಅದು ಸುಳ್ಳು. ಫ್ರಾನ್ಸ್‌ನಲ್ಲಿ ಫ್ರೆಂಚ್ ಹಾಡಿಗೆ ಶೇ. 40ರ ಕಾನೂನು ಬಂತು, ಜರ್ಮನಿಯಲ್ಲಿ ಅಂಥ ಕಾನೂನು ಇಲ್ಲ.

ಅಮ್ಮನ ಪ್ರಶ್ನೆ ನ್ಯಾಯವಾದದ್ದೇ. ರಘು ದೀಕ್ಷಿತ್ ಕನ್ನಡ ಹಾಡಿಕೊಂಡೇ ಇಂಗ್ಲೆಂಡಿನ ವೇದಿಕೆಗಳನ್ನು ಕುಣಿಸಿದವರು. ಆದರೆ ನೀವು ಕನ್ನಡ ಬಿಡುತ್ತಿಲ್ಲವಲ್ಲ, ಇಂಗ್ಲಿಷ್ ಬಿಡುತ್ತಿದ್ದೀರಿ. ಅಮ್ಮನಿಗೆ ಕಿಟೆಲ್ ಹೆಸರು ಹೇಳಿ. 1894ರ ಕನ್ನಡ ನಿಘಂಟು ಮಾಡಿದ ಆ ಜರ್ಮನ್ ಪಾದ್ರಿ ಕನ್ನಡದಲ್ಲಿ ಪದ್ಯ ಕೂಡ ಬರೆದವರು. ಅವರ ಉಚ್ಚಾರ ನೋಡಿ ನಕ್ಕವರು ಇದ್ದಿರಬಹುದು, ನಿಘಂಟು ಇನ್ನೂ ನಮ್ಮ ಮನೆಗಳಲ್ಲಿದೆ.

ಇನ್ನು ರೆಕಾರ್ಡಿಂಗ್. ಜರ್ಮನ್‌ನಲ್ಲಿ ಸ್, ಟ್ಸ್, ಶ್, ಆ ಗಾಳಿಯ ಹ್, ಎಲ್ಲ ಜಾಸ್ತಿ. ಇಂಗ್ಲಿಷ್‌ಗೆ ಇಟ್ಟಿದ್ದ ಸೆಟ್ಟಿಂಗ್ ಹಾಗೇ ಬಿಟ್ಟರೆ ಸದ್ದಿನ ಏರಿಳಿತ ಸಮ ಮಾಡುವ ಕಂಪ್ರೆಸರ್ ಅದನ್ನೆಲ್ಲ ಮುಖಕ್ಕೆ ತಂದು ರಾಚುತ್ತೆ. 'ಸ್' ಸದ್ದು ತಗ್ಗಿಸುವ ಡಿ-ಎಸ್ಸರ್ ಅನ್ನು 5ರಿಂದ 9 ಕಿಲೋಹರ್ಟ್ಸ್ ನಡುವೆ ಹುಡುಕಿ ಇಡಿ, ಆದರೆ ಗಟ್ಟಿಯಾಗಿ ಹಾಕಿದರೆ 'ಇಹ್' ಹೋಗಿ ಬರೀ 'ಇ' ಉಳಿಯುತ್ತೆ. ಅದಕ್ಕಿಂತ ಜೋರಾದ 'ಸ್'ಗಳ ಲೆವೆಲ್ ಅನ್ನು ಕೈಯಲ್ಲೇ ಇಳಿಸೋದು ವಾಸಿ. ನಿಮ್ಮ ಹೈ-ಹ್ಯಾಟ್ (ಡ್ರಮ್ಸ್‌ನ ತಾಳದ ತಟ್ಟೆ) ಹದಿನಾರರಲ್ಲಿ ಓಡುತ್ತಿದೆ, ಅದೂ ಅದೇ ಜಾಗದಲ್ಲಿ ಕೂತು ಜಗಳ ಆಡುತ್ತೆ. ಕೋರಸ್ ಅಲ್ಲದ ಭಾಗದಲ್ಲಿ, ಅಂದರೆ ವರ್ಸ್‌ನಲ್ಲಿ, ಅರ್ಧ ತೆಗೆಯಿರಿ. ಕೋರಸ್‌ನಲ್ಲಿ ಧ್ವನಿ ಮೂರು ಪದರ ಹಾಕಿದ್ದೀರಿ, ಮೂರು 'ಟ್' ಮೂರು ಹೊತ್ತಿಗೆ ಬೀಳುತ್ತಿವೆ, ಕಾಳು ಚೆಲ್ಲಿದ ಸದ್ದು. ಒಂದು ಪದರದಲ್ಲಿ ಮಾತ್ರ ಕೊನೆಯ ವ್ಯಂಜನ ಇಟ್ಟುಕೊಂಡು ಉಳಿದೆರಡರಲ್ಲಿ ಕತ್ತರಿಸಿ. ಧ್ವನಿಯನ್ನು ರೋಬೋ ಥರ ಮಾಡುವ ವೋಕೋಡರ್ ಬಳಸುವುದಾದರೆ ಸ್ವಲ್ಪ ನಾಯ್ಸ್ (ಬರೀ 'ಶ್' ಅನ್ನುವ ಸದ್ದು) ಸೇರಿಸಲೇಬೇಕು, ಇಲ್ಲದಿದ್ದರೆ ವ್ಯಂಜನ ಎಲ್ಲ ನುಂಗಿ ಬರೀ ಸ್ವರ ಹಾಡುತ್ತೆ.

ಕೊನೆಗೆ ಕಾಗದ ಪತ್ರ. ಇದನ್ನು ಯಾರೂ ಕೇಳಲ್ಲ, ಆಮೇಲೆ ಒದ್ದಾಡುತ್ತಾರೆ. ನೀವು ಬ್ಲೂ ಕಾರ್ಡ್ (ಓದಿದ ಕೆಲಸಗಾರರಿಗೆ ಕೊಡುವ ವಾಸದ ಪರವಾನಗಿ) ಅಥವಾ ಕೆಲಸದ ವೀಸಾದ ಮೇಲೆ ಇದ್ದರೆ ಹಾಡಿ ಸಂಪಾದನೆ ಮಾಡೋದು ಸ್ವತಂತ್ರ ದುಡಿಮೆ ಅಂತ ಲೆಕ್ಕ. ಅದಕ್ಕೆ ವಿದೇಶಿಯರ ಕಚೇರಿಯ ಅನುಮತಿ ಮೊದಲೇ ಬೇಕು, ಕಾಯಂ ವಾಸದ ಪರವಾನಗಿ ಬಂದಿದ್ದರೆ ಬೇಡ. ಕಂಪನಿ ಕರಾರಿನಲ್ಲಿ ಬೇರೆ ಕೆಲಸದ ಬಗ್ಗೆ ಒಂದು ಸಾಲು ಇರುತ್ತೆ, ಓದಿ, ತಿಳಿಸಿ. ಬರೆದ ಹಾಡಿನ ಹಕ್ಕಿನ ದುಡ್ಡು ಗೇಮಾ ಸಂಸ್ಥೆಯಿಂದ, ಹಾಡಿದ್ದಕ್ಕೆ ಬರುವ ದುಡ್ಡು ಜಿವಿಎಲ್ ಅನ್ನುವ ಇನ್ನೊಂದು ಸಂಸ್ಥೆಯಿಂದ. ಎರಡೂ ಬೇರೆ, ಎರಡಕ್ಕೂ ಬೇರೆ ಬೇರೆ ನೋಂದಣಿ. ಗೇಮಾಗೆ ಸೇರಿದಮೇಲೆ ಕಾರ್ಯಕ್ರಮ ಕೊಟ್ಟಾಗಲೆಲ್ಲ ಹಾಡಿದ ಹಾಡುಗಳ ಪಟ್ಟಿ ಅವರಿಗೆ ಹೋಗಿದೆಯಾ ಅಂತ ನೋಡಿಕೊಳ್ಳಿ, ಎಷ್ಟೋ ಜನ ಅಲ್ಲೇ ದುಡ್ಡು ಬಿಟ್ಟು ಬರುತ್ತಾರೆ. ಜೊತೆಗೆ ಬರೆದವರು ಇದ್ದರೆ ಯಾರಿಗೆ ಶೇಕಡಾ ಎಷ್ಟು ಅಂತ ಹಾಡು ಮುಗಿದ ದಿನವೇ ಒಂದು ಇಮೇಲ್‌ನಲ್ಲಿ ಬರೆದು ಇಬ್ಬರೂ ಒಪ್ಪಿಗೆ ಹಾಕಿ. ಮುಂದಿನ ಹಾಡಿನ ಡ್ರಾಫ್ಟ್ ಆದಾಗ ಕಳಿಸಿ, ರಿವರ್ಬ್ (ದೊಡ್ಡ ಕೋಣೆಯ ಗುಂಯ್‌ಗುಡುವಿಕೆ) ಪೂರ್ತಿ ತೆಗೆದು ಕಳಿಸಿ.